ಬುತ್ತಿ ಗಂಟಿನಲ್ಲಿ ಏಕೀಕರಣ

ದೊಡ್ಡ ಕೆಲಸಕ್ಕೆ ಕೈಹಾಕಿದವರಿಗೆ ಸಣ್ಣ ಫಜೀತಿಗಳು ಆಗುತ್ತಲೇ ಇರುತ್ತವೆ. ಸಣ್ಣ ಕೆಲಸಕ್ಕೆ ಕೈಹಾಕಿದವರಿಗೂ ಆಗುತ್ತವೆ, ಆದರೆ ಅವರು ಅದನ್ನು ಬರೆಯಲು ಕೂಡುವುದಿಲ್ಲ.

ನಾವು ಕೈಹಾಕಿದ್ದು ಕರ್ನಾಟಕವನ್ನು ಒಂದುಗೂಡಿಸುವ ಕೆಲಸಕ್ಕೆ. ಸ್ವಾತಂತ್ರ್ಯ ಇಂದೋ ನಾಳೆಯೋ ಎನ್ನುವಂತಿದ್ದ ಕಾಲ. ನಾನು ಆಗಿನ ವಿಜಾಪುರದಲ್ಲಿ ಮ್ಯಾಟ್ರಿಕ್ ವರ್ಗದಲ್ಲಿದ್ದೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮೂಡಲಿಗೆ ಹೋದರೆ ನಿಜಾಮರ ರಾಜ್ಯ, ತೆಂಕಲಿಗೆ ಮೈಸೂರು ಮಹಾರಾಜರದು, ಪಡುವಲ ಗಡಿಯ ಹಳ್ಳಿ ಹೊನವಾಡದಿಂದ ಸ್ವಲ್ಪ ಹೊತ್ತು ಚಕ್ಕಡಿ ಹೊಡೆದರೆ ಜತ್ತ ಸಂಸ್ಥಾನ. ಒಂದೇ ಮಾತನಾಡುವವರು ಇಷ್ಟು ಸರಕಾರಗಳಿಗೆ ಕಂದಾಯ ಕಟ್ಟುವುದು ಅನ್ಯಾಯ ಎಂದು ಹಿರಿಯರು ಹೇಳುತ್ತಿದ್ದರು. ಎಂದೂ ಕಂದಾಯ ಕಟ್ಟಿರದ ನಮಗೆ ಅದು ಬಹಳ ಬೇಗ ಮನವರಿಕೆಯಾಯಿತು.

ವಿದ್ಯಾರ್ಥಿಗಳ ಸಂಘ ಮಾಡಿಕೊಂಡೆವು. ನನ್ನ ಕೋಣೆಯ ಜೊತೆಗಾರ ಟಿಕೋಟಾದವನು, ಅವನು ಕಾರ್ಯದರ್ಶಿಯಾದ. ನಾನು ನಿಡೋಣಿಯವನು, ಉಳಿದ ಕೆಲಸಗಳೆಲ್ಲ ನನಗೆ ಬಂದವು. ಆ ಸಂಘ ಏನು ಸಾಧಿಸಿತು ಎಂದು ಕೇಳಿದರೆ ಹೇಳುವುದು ಕಷ್ಟ. ಅದನ್ನು ಯಾರು ಯಾರು ಸಹಿಸಿಕೊಂಡರು ಎಂದು ಕೇಳಿದರೆ ಸಲೀಸಾಗಿ ಹೇಳಬಲ್ಲೆ. ಅವರ ಋಣ ನೆನೆಯುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

೧. ಗುಮ್ಮಟದ ತಾಲೀಮು

ಕಾರ್ಯದರ್ಶಿಗೆ ಭಾಷಣದ ಹುಚ್ಚು. ಕೋಣೆಯಲ್ಲಿ ತಾಲೀಮು ಮಾಡಿದರೆ ಓಣಿಯವರು ಯಾರಿಗೆ ಏನಾಯಿತೆಂದು ಓಡಿ ಬರುತ್ತಿದ್ದರು. ಆದ್ದರಿಂದ ಅವನು ದಿನಾ ಸಂಜೆ ಗೋಳಗುಮ್ಮಟಕ್ಕೆ ಹೋಗತೊಡಗಿದ. ಮೇಲಿನ ಪಡಸಾಲೆಯಲ್ಲಿ ನಿಂತು ‘ಕರ್ನಾಟಕ ಒಂದಾಗಲಿ’ ಎಂದು ಒಂದು ಸಲ ಹೇಳಿದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಅಂಥ ಒಮ್ಮತ ಅವನಿಗೆ ಸಂಘದಲ್ಲೂ ಸಿಕ್ಕಿರಲಿಲ್ಲ. ಒಂದು ವಾಕ್ಯ ಹೇಳುವುದು, ಗುಮ್ಮಟ ಅದನ್ನು ಹೇಳಿ ಮುಗಿಸುವ ತನಕ ಕಾಯುವುದು, ಆಮೇಲೆ ಮುಂದಿನ ವಾಕ್ಯ. ಹೀಗೆ ತಿಂಗಳುಗಟ್ಟಲೆ ನಡೆಯಿತು.

ಮೊದಲ ಸಭೆ ಅವನ ಊರಾದ ಟಿಕೋಟಾದಲ್ಲೇ, ಗುಡಿಯ ಕಟ್ಟೆಯ ಮೇಲೆ. ಜನ ಚೆನ್ನಾಗಿಯೇ ಸೇರಿದ್ದರು. ಅವನು ಎದೆ ಸೆಟೆಸಿ ‘ಬಂಧುಗಳೇ, ನಾವು ಹರಿದು ಹಂಚಿಹೋಗಿದ್ದೇವೆ’ ಎಂದ. ಎಂದವನು ರೂಢಿಯಂತೆ ನಿಂತ. ತಲೆ ತುಸು ವಾಲಿಸಿ ಕಾದ. ಬಯಲು ಏನನ್ನೂ ಹೇಳಲಿಲ್ಲ.

ಮುಂದೆ ಕುಳಿತ ಅಜ್ಜನಿಗೆ ಕನಿಕರವಾಯಿತು. ‘ಹೇಳೋ ತಮ್ಮಾ, ಅಂಜಬ್ಯಾಡ. ಎಲ್ಲಾರೂ ನಮ್ಮವರ ಅದಾರ’ ಎಂದ.

ಕಾರ್ಯದರ್ಶಿ ಎರಡನೆಯ ವಾಕ್ಯ ಹೇಳಿ ಮತ್ತೆ ಕಾದ. ಅಜ್ಜ ಹೆಂಗಸರ ಕಡೆ ತಿರುಗಿ, ‘ಯವ್ವಾ, ಪಾಪ ಹುಡುಗಗ ಬಾಯಿ ಒಣಗೇತಿ. ಒಂದು ಚರಿಗಿ ನೀರು ತಂದು ಕೊಡ್ರಿ’ ಎಂದ. ನೀರು ಬಂತು. ಅವನು ಕುಡಿದು ‘ಕರ್ನಾಟಕ ಒಂದಾಗಲಿ’ ಎಂದು ಮತ್ತೆ ನಿಂತ. ಆಗ ಅಜ್ಜನಿಗೆ ಹೊಳೆಯಿತು. ಭಜನೆಯಲ್ಲಿ ಮುಂದಿನವನು ಹೇಳಿದ್ದನ್ನು ಹಿಂದಿನವರು ಹೇಳಬೇಕಲ್ಲ, ಇದೂ ಹಾಗೇ ಇರಬೇಕು. ಅವನು ಕೈಸನ್ನೆ ಮಾಡಿದ. ಇಡೀ ಟಿಕೋಟಾ ‘ಕರ್ನಾಟಕ ಒಂದಾಗಲಿ’ ಎಂದಿತು. ಅಲ್ಲಿಂದ ಭಾಷಣ ಎಲ್ಲಿಯೂ ನಿಲ್ಲಲಿಲ್ಲ. ‘ಕೊನೆಯದಾಗಿ ಎರಡು ಮಾತು’ ಎಂದು ಅವನು ಹೇಳಿದಾಗ ಅದನ್ನೂ ಎಲ್ಲರೂ ಹೇಳಿದರು.

ಮರಳಿ ಬರುವಾಗ ನನಗೆ ಹೇಳಿದ: ‘ಗುಮ್ಮಟಕಿಂತ ನಮ್ಮ ಟಿಕೋಟಾನ ಚೊಲೊ ಐತಿ ಲೇ. ಗುಮ್ಮಟ ನೀರು ಕೊಡೂದಿಲ್ಲ.’

೨. ಗುರುವಾರದ ಭಜನೆ

ನಮ್ಮ ಕೋಣೆ ಇದ್ದದ್ದು ವಯಸ್ಸಾದ ಒಬ್ಬ ಹೆಣ್ಣುಮಗಳ ಮನೆಯ ಮಾಳಿಗೆಯ ಮೇಲೆ. ಅವರ ಮನೆಮಾತು ಮರಾಠಿ. ನಾವು ಅವರನ್ನು ಆಯಿ ಎಂದು ಕರೆಯುತ್ತಿದ್ದೆವು. ವಿಜಾಪುರ ಯಾವ ಪ್ರಾಂತಕ್ಕೆ ಸೇರಬೇಕು ಎಂಬ ವಿಷಯದಲ್ಲಿ ಆಯಿಗೂ ನಮಗೂ ಹೊಂದಿಕೆಯಿರಲಿಲ್ಲ. ‘ಊರು ನೀವು ಎಲ್ಲಿಗರ ಒಯ್ಯರಿ. ನನ್ನ ಪಂಢರಪುರ ಮಾತ್ರ ದೂರ ಮಾಡಬ್ಯಾಡ್ರಿ’ ಎನ್ನುತ್ತಿದ್ದರು. ಇಷ್ಟು ಹೇಳಿ ನಮಗೆ ಮಜ್ಜಿಗೆ ಕೊಡುತ್ತಿದ್ದರು.

ಸಂಘದ ಸಭೆ ಗುರುವಾರ ಸಂಜೆ ಆ ಕೋಣೆಯಲ್ಲಿ. ಚಳವಳಿಗೆ ಹೋಗುವವರ ಹೆಸರನ್ನು ಶಾಲೆಯಿಂದ ತೆಗೆಯಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಹೇಳಿದ್ದರು. ಒಂದು ಗುರುವಾರ ಅವರು ತಿರುಗಾಡಲು ಹೊರಟವರು ಗದ್ದಲ ಕೇಳಿ ಬಾಗಿಲಲ್ಲಿ ನಿಂತರು.

‘ಮ್ಯಾಲೆ ಏನ್ರಿ ಅದು ಗದ್ದಲ?’

ಆಯಿ ಅಕ್ಕಿ ಹಸನು ಮಾಡುತ್ತಿದ್ದವರು ತಲೆ ಎತ್ತದೆ ಹೇಳಿದರು: ‘ಹುಡುಗರು ಭಜನಿ ಮಾಡತಾರ್ರಿ.’

‘ಹೌದೇನು? ಚೊಲೊ ಆತು. ನಾನೂ ಒಂದೀಟು ಕೂಡ್ತೀನಿ’ ಎಂದು ಹೆಡ್‌ಮಾಸ್ತರರು ಮೆಟ್ಟಿಲು ಹತ್ತಿಬಿಟ್ಟರು.

ಕಾರ್ಯದರ್ಶಿ ಮುಷ್ಟಿ ಎತ್ತಿ ಸರಕಾರಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ಹೆಡ್‌ಮಾಸ್ತರರ ಟೊಪ್ಪಿಗೆ ಕಂಡಿತು. ಅವನ ಮುಷ್ಟಿ ತಾನಾಗಿ ಬಿಚ್ಚಿಕೊಂಡು ಇನ್ನೊಂದು ಅಂಗೈಯನ್ನು ಕೂಡಿ ಚಪ್ಪಾಳೆಯಾಯಿತು. ಆದರೆ ಹಾಡು ಯಾರಿಗೂ ಬರುತ್ತಿರಲಿಲ್ಲ. ಹಿಂದೆಯೇ ಹತ್ತಿ ಬಂದ ಆಯಿ ಉಸಿರು ಸುಧಾರಿಸಿಕೊಂಡು ಒಂದು ಅಭಂಗ ಎತ್ತಿಕೊಂಡರು. ನಾವು ಅವರ ಬಾಯಿ ನೋಡುತ್ತ ನಮ್ಮ ಬಾಯಿ ಆಡಿಸಿದೆವು. ಹೆಡ್‌ಮಾಸ್ತರರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು.

ಅವರು ಹೋದ ಮೇಲೆ ಆಯಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡರು. ‘ಈ ವಯಸ್ಸಿನಾಗ ನನ್ನ ಕಡಿಂದ ಸುಳ್ಳು ಹೇಳಿಸಿದ್ರಿ. ಅದನ್ನ ಖರೇ ಮಾಡೂದು ಈಗ ನಿಮ್ಮ ಕೆಲಸ’ ಎಂದರು. ಅಂದಿನಿಂದ ಪ್ರತಿ ಗುರುವಾರ ಮೊದಲು ಭಜನೆ, ನಂತರ ಸಭೆ. ಕರ್ನಾಟಕ ಏಕೀಕರಣದ ನಮ್ಮ ಎಲ್ಲ ಸಭೆಗಳೂ ಮರಾಠಿ ಅಭಂಗದಿಂದ ಆರಂಭವಾಗುತ್ತಿದ್ದವು ಎಂಬುದನ್ನು ಇತಿಹಾಸಕಾರರು ಎಲ್ಲಿಯೂ ದಾಖಲಿಸಿಲ್ಲ.

ಹೆಡ್‌ಮಾಸ್ತರರೂ ಪ್ರತಿ ಗುರುವಾರ ತಪ್ಪದೆ ಬರತೊಡಗಿದರು. ಅವರಿಗೆ ಹಾಡು ಹಿಡಿಸಿತ್ತು. ಅವರು ಏಳುವ ತನಕ ನಾಡು ಕಾಯಬೇಕಿತ್ತು. ಒಂದು ಗುರುವಾರ ಮಂಗಳಾರತಿ ಮುಗಿದ ಮೇಲೆ ಟೊಪ್ಪಿಗೆ ತೆಗೆದುಕೊಂಡು ಎದ್ದವರು ಮೆಟ್ಟಿಲ ಹತ್ತಿರ ತಿರುಗಿ ನಿಂತರು.

‘ನಾ ಬರ್ತೀನಿ. ಇನ್ನ ನಿಮ್ಮ ಏಕೀಕರಣ ಸುರು ಮಾಡ್ರಿ. ನಾ ಕೂತಿದ್ರ ನಿಮಗೂ ತ್ರಾಸು, ನನಗೂ ತ್ರಾಸು’ ಎಂದರು. ಅವರು ಎರಡು ಮೆಟ್ಟಿಲು ಇಳಿದು, ‘ಮತ್ತ ಆ ಟಿಕೋಟಾದಂವಗ ಹೇಳ್ರಿ, ಮುಷ್ಟಿ ಹಿಡಿದ್ರ ತಾಳ ತಪ್ಪತದ’ ಎಂದು ಹೋದರು.

೩. ಕಾಗದದಲ್ಲಿ ಸುತ್ತಿದ ರೊಟ್ಟಿ

ಟಿಕೋಟಾ ಗೆದ್ದ ಮೇಲೆ ಮುಂದಿನದು ಬಬಲೇಶ್ವರ. ಸಂತೆಯ ದಿನವೇ ಸಭೆ, ಯಾಕೆಂದರೆ ಜನರನ್ನು ಕೂಡಿಸುವ ತೊಂದರೆ ಇರುವುದಿಲ್ಲ. ಪೇಟೆಯ ಒಬ್ಬ ಮುದ್ರಕರು ಉಳಿದ ಕಾಗದದ ತುಂಡುಗಳ ಮೇಲೆ ಕರಪತ್ರ ಅಚ್ಚು ಹಾಕಿ ಪುಕ್ಕಟೆ ಕೊಟ್ಟರು. ಯುದ್ಧ ಮುಗಿದಿತ್ತು, ಕಾಗದದ ಅಭಾವ ಮುಗಿದಿರಲಿಲ್ಲ. ಅದು ದೊಡ್ಡ ದಾನ. ಭಾಷಣಕಾರರ ಸಾಲಿನಲ್ಲಿ ಕಾರ್ಯದರ್ಶಿಯ ಹೆಸರಿನ ಕೆಳಗೆ ನನ್ನದೂ ಇತ್ತು.

ಕರಪತ್ರವನ್ನು ಊರೂರಿಗೆ ಮುಟ್ಟಿಸುವುದು ಹೇಗೆ? ಉಪಾಯ ನನ್ನದೇ. ಹಳ್ಳಿಯಿಂದ ಬಂದ ನಮಗೆಲ್ಲ ಮನೆಯಿಂದ ಬುತ್ತಿ ಬರುತ್ತಿತ್ತು. ಅವ್ವಂದಿರು ರೊಟ್ಟಿ, ಪಲ್ಯ, ಚಟ್ನಿಗೆಂದು ಶೇಂಗಾ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೋಟರ್ ಬಸ್ಸಿನ ಡ್ರೈವರನ ಕೈಗೆ ಕೊಡುವುದು, ನಾವು ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು, ಹಿಂದಿನ ದಿನದ ಬರಿ ಬಟ್ಟೆಯನ್ನು ಅದೇ ಮೋಟರಿಗೆ ಹಾಕುವುದು. ಬಟ್ಟೆ ಬರಿದಾಗಿ ಹೋಗುವ ಬದಲು ಕರಪತ್ರ ಹೊತ್ತುಕೊಂಡು ಹೋಗಲಿ ಎಂದೆ. ಹೊನವಾಡ, ಟಿಕೋಟಾ, ಜೈನಾಪುರ, ನಿಡೋಣಿ, ಎಲ್ಲ ಊರಿನ ಬಟ್ಟೆಗಳಲ್ಲೂ ಒಂದೊಂದು ಕಟ್ಟು ಇಟ್ಟು ಕಳಿಸಿದೆವು. ಸರಕಾರದ ಟಪಾಲು ಖಾತೆಗೂ ಇಂಥ ಬುದ್ಧಿ ಹೊಳೆದಿಲ್ಲ ಎಂದು ಕಾರ್ಯದರ್ಶಿ ಹೊಗಳಿದ.

ಮರುದಿನ ಬುತ್ತಿ ಬಿಚ್ಚಿದೆವು. ಒಂದೊಂದು ರೊಟ್ಟಿಗೂ ಒಂದೊಂದು ಕರಪತ್ರ ಸುತ್ತಿತ್ತು.

ಅವ್ವಂದಿರಿಗೆ ಓದು ಬರುತ್ತಿರಲಿಲ್ಲ. ಮಗ ಪೇಟೆಯಿಂದ ಕಾಗದ ಕಳಿಸಿದ್ದಾನೆ ಎಂದರೆ ರೊಟ್ಟಿ ಮೆತ್ತಗಿರಲೆಂದು ಸುತ್ತುವುದಕ್ಕೇ ಇರಬೇಕು ಎಂದು ಯಾರೂ ಯಾರನ್ನೂ ಕೇಳದೆ ಎಲ್ಲ ಊರಲ್ಲೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ನಾವು ಬಯಸಿದ ಐಕ್ಯ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಶೇಂಗಾ ಹಿಂಡಿಯ ಎಣ್ಣೆ ಹೀರಿ ‘ಅಖಂಡ ಕರ್ನಾಟಕ’ ಕಾಗದದ ಹಿಂಬದಿಯಿಂದಲೂ ಕಾಣುತ್ತಿತ್ತು. ಹೊನವಾಡದ ಹುಡುಗನ ಅವ್ವ ಹೇಳಿ ಕಳಿಸಿದ್ದಳು: ‘ಕಾಗದ ಭಾಳ ಚೊಲೊ ಅದಾವು. ಇನ್ನೊಂದೀಟು ಕಳಸು, ಮಗ್ಗಲ ಮನಿಯಾಕಿನೂ ಕೇಳಾಕತ್ತಾಳ.’

ಅವನ್ನು ಓದಿದ್ದು ಒಂದೇ ಒಂದು ಮನೆಯಲ್ಲಿ. ಅದು ನಮ್ಮ ಮನೆ. ಅಚ್ಚಿನ ಕಾಗದ ಬಂದಿದೆಯೆಂದು ಅಪ್ಪ ಅದನ್ನು ಊರಿನ ಮಾಸ್ತರರಿಂದ ಓದಿಸಿದ. ಅವರು ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು. ಆ ಕಾಲಕ್ಕೆ ನಮ್ಮೂರಲ್ಲಿ ಯಾರ ಹೆಸರಾದರೂ ಅಚ್ಚಾಗಬೇಕಾದರೆ ಒಂದೋ ಹೊಲ ಲಿಲಾವಿಗೆ ಬಂದಿರಬೇಕು, ಇಲ್ಲವೇ ಪೊಲೀಸರು ಹುಡುಕುತ್ತಿರಬೇಕು. ಅವ್ವ ಅಲ್ಲಿಯೇ ಅಳಲು ಕುಳಿತಳು. ಅಪ್ಪ ಅಳಲಿಲ್ಲ, ಡ್ರೈವರನ ಕೂಡ ಮಾತು ಹೇಳಿ ಕಳಿಸಿದ.

ಡ್ರೈವರ್ ನಿಲ್ದಾಣದಲ್ಲಿ ಮೋಟರಿಗೆ ಇದ್ದಲಿ ತುಂಬುತ್ತಿದ್ದ. ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ಓಡುವ ಮೋಟರ್ ಅದು. ದಿಬ್ಬ ಬಂದರೆ ಎಲ್ಲರೂ ಇಳಿದು ನೂಕಬೇಕು.

‘ನಿಮ್ಮಪ್ಪಾರು ಸಂತಿ ದಿವಸ ಬಬಲೇಶ್ವರಕ್ಕ ಎತ್ತು ತಗೊಳ್ಳಾಕ ಬರ್ತಾರಂತ’ ಎಂದ. ‘ಎತ್ತು ಸಿಕ್ಕರ ಹೊಡಿಯಾಕ ಒಬ್ಬಾಂವ ಬೇಕಲ್ಲ, ಹಂಗ ನಿನ್ನೂ ಕರಕೊಂಡು ಹೋಗ್ತಾರಂತ. ಟ್ರಂಕು ಕಟಗೊಂಡು ಬಾ ಅಂದ್ರು.’

ಇದರ ಅರ್ಥ ನನಗೆ ಚೆನ್ನಾಗಿ ತಿಳಿಯಿತು. ಹಿಂದಿನ ವರ್ಷ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಪಾಲಾಗಿದ್ದರು. ಜೋಡಿ ಎತ್ತುಗಳನ್ನು ಒಂದೊಂದು ಹಂಚಿಕೊಂಡಿದ್ದರು. ಒಂಟಿ ಎತ್ತಿನಿಂದ ಇಬ್ಬರ ಹೊಲವೂ ನಿಂತಿತ್ತು. ಅಪ್ಪನಿಗೆ ಎರಡನೆಯ ಎತ್ತು ಬಂದರೆ ಅದರ ಹಿಂದೆ ನಾನು. ಮ್ಯಾಟ್ರಿಕ್ ಅಲ್ಲಿಗೆ ಮುಗಿಯಿತು.

ನನ್ನ ಮುಖ ನೋಡಿ ಡ್ರೈವರ್ ಸಮಾಧಾನ ಹೇಳಿದ: ‘ಹೋಗ್ಲಿ ಬಿಡು. ನಿಮ್ಮವ್ವನ ಬುತ್ತಿ ಇಲ್ಲಂದ್ರ ಮೋಟರರ ದಿಬ್ಬ ಏರತೈತಿ.’

೪. ಸಲಹೆಗಾರರು

ಸುದ್ದಿ ಹಬ್ಬಿದ ಕೂಡಲೆ ಸಲಹೆಗಳು ಬಂದವು. ಅಪ್ಪನ ಮನ ಒಲಿಸುವುದಕ್ಕೆ ಕಾರ್ಯದರ್ಶಿ ಒಂದು ಭಾಷಣವನ್ನೇ ಸಿದ್ಧಮಾಡಿದ. ಅದು ಪುಲಕೇಶಿಯಿಂದ ಆರಂಭವಾಗಿ ವಿಜಯನಗರಕ್ಕೆ ಬರುವ ಹೊತ್ತಿಗೆ ಸಂತೆಯೇ ಮುಗಿಯುವಂತಿತ್ತು.

ಹೆಡ್‌ಮಾಸ್ತರರು ಕರೆಸಿ, ‘ಅಪ್ಪಗ ಎದುರು ಮಾತಾಡಬ್ಯಾಡ. ಗಣಿತದಾಗ ನೀ ಭಾಳ ಹುಷಾರ್ ಅಂತ ನಾ ಹೇಳೀನಂತ ಹೇಳು’ ಎಂದರು.

‘ಗಣಿತದಾಗ ನಾ ಹುಷಾರಿಲ್ಲಲ್ರಿ ಸರ್’ ಎಂದೆ.

‘ಅದು ನಿನಗಿಂತ ಮೊದಲ ನನಗ ಗೊತ್ತದ. ನಾ ಹೇಳೀನಂತ ಹೇಳು ಅಂದ್ನಿ. ಖರೇ ಅದ ಅಂತ ಹೇಳು ಅಂದ್ನೇನು?’

ಆಯಿ ಮಾತ್ರ ದಾರಿಗೆಂದು ಅವಲಕ್ಕಿ ಕಟ್ಟಿದರು. ಹೊರಡುವಾಗ, ‘ಸಂತಿ ಮಂದಿ ಮುಂದ ರಾಜರ ಸುದ್ದಿ ತಗೀಬ್ಯಾಡ. ಅವರು ಕಣ್ಣಿಲೆ ಕಂಡದ್ದ ಹೇಳು’ ಎಂದರು. ನಮ್ಮ ನಾಡಿಗೆ ಒಪ್ಪದವರೇ ನಾಡಿನ ಪರವಾದ ನನ್ನ ಮೊದಲ ಭಾಷಣವನ್ನು ತಿದ್ದಿದರು. ನಾನದನ್ನು ಕಾರ್ಯದರ್ಶಿಗೆ ಹೇಳಲಿಲ್ಲ, ಅವನಿಗೆ ಆಗಲೇ ಬೇಕಾದಷ್ಟು ಚಿಂತೆಯಿತ್ತು.

೫. ಬಬಲೇಶ್ವರದ ಠರಾವು

ಮೋಟರಿನ ತಲೆಯ ಮೇಲೆ ನನ್ನ ಟ್ರಂಕು, ಒಳಗೆ ನಾವಿಬ್ಬರು. ಸಂತೆಯಲ್ಲಿ ಜನ ದಟ್ಟವಾಗಿದ್ದದ್ದು ದನ ಕಟ್ಟಿದ ಕಡೆ. ಅಲ್ಲಿಯೇ ಒಂದು ಬೇವಿನ ಗಿಡದ ಕೆಳಗೆ ಕಾರ್ಯದರ್ಶಿ ಕಲ್ಲು ಹತ್ತಿ ಶುರುಮಾಡಿದ. ಸ್ವಲ್ಪ ಹೊತ್ತಿಗೆ ಒಬ್ಬ ರೈತ ಅವನ ಕಾಲು ಮುಟ್ಟಿ, ‘ಸಾಹೇಬ್ರ, ಒಂದೀಟು ಸರೀರಿ. ಹಿಂದಿನ ಹೋರಿ ಕಾಣವಲ್ದು’ ಎಂದ. ಕಾರ್ಯದರ್ಶಿ ಸರಿದ, ಹಾಗೆಯೇ ಇಳಿದ.

ನಾನು ಹತ್ತಿದೆ. ಹತ್ತಿದ ಮೇಲೆ ಅಪ್ಪ ಕಂಡ. ಹೆಗಲ ಮೇಲೆ ಟವೆಲು, ಮುಖದಲ್ಲಿ ಏನೂ ಇಲ್ಲ. ಅವನಿಂದ ಅಷ್ಟು ದೂರದಲ್ಲಿ ಕಾಕಾನೂ ನಿಂತಿದ್ದ. ಅವನೂ ಎತ್ತು ನೋಡಲು ಬಂದವನೇ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟಿದ್ದರು. ಪುಲಕೇಶಿ ನನ್ನನ್ನು ಬಿಟ್ಟುಹೋದ. ನೆನಪಾದದ್ದು ಆಯಿ ಒಬ್ಬರೇ.

‘ನಮ್ಮ ಮನೀದ ಹೇಳ್ತೇನಿ’ ಎಂದೆ. ‘ಅಪ್ಪ, ಕಾಕಾ ಬ್ಯಾರೆ ಆದ್ರು. ಜೋಡಿ ಎತ್ತು ಒಂದೊಂದು ಹಂಚಕೊಂಡ್ರು. ಈಗ ಅವರ ಎತ್ತೂ ಕೊಟ್ಟಿಗ್ಯಾಗ ನಿಂತೈತಿ, ಇವರ ಎತ್ತೂ ನಿಂತೈತಿ. ಎರಡೂ ಹೊಲದಾಗ ಕಸ ಬೆಳದೈತಿ. ನಮ್ಮ ಕನ್ನಡ ಸೀಮಿದೂ ಹಿಂಗ ಆಗೇತಿ ನೋಡ್ರಿ.’

ಕೊನೆಯ ವಾಕ್ಯವನ್ನು ಯಾರೂ ಕೇಳಲಿಲ್ಲ. ಇಡೀ ಸಂತೆ ಎತ್ತಿನ ಮೇಲೆ ನಿಂತುಬಿಟ್ಟಿತ್ತು.

‘ಯಾವ ಜೋಡಿ ಅದು? ಆ ಬಿಳಿ ಜೋಡಿನ?’ ಎಂದು ನಿಡೋಣಿಯ ಹಿರಿಯನೊಬ್ಬ ಮುಂದೆ ಬಂದ. ‘ಆ ಜೋಡಿ ಅಗಲಸೀರೇನು? ಬುದ್ಧಿ ಎಲ್ಲಿ ಇಟ್ಟಿದ್ರಿ?’

‘ನಾ ಯಾವಾಗ ಎತ್ತು ಕೊಡೂದಿಲ್ಲ ಅಂದೇನಿ? ಅಂವ ಕೇಳಲಿಲ್ಲ’ ಎಂದ ಕಾಕಾ.

‘ಅಂವ ಕಳಸಲಿಲ್ಲ’ ಎಂದ ಅಪ್ಪ. ಒಂದು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ಅದನ್ನೂ ಇಬ್ಬರೂ ಹಿರಿಯನಿಗೆ ಹೇಳಿದರು.

ನಮ್ಮ ಕಡೆ ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ, ಆದರೆ ದನದ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಕೊಡುವವನು, ಕೊಳ್ಳುವವನು ಟವೆಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಲೆಕ್ಕ ಹೇಳಿಕೊಳ್ಳುತ್ತಾರೆ. ನೋಡುವವರಿಗೆ ಅವರ ಮುಖ ಮಾತ್ರ ಕಾಣುತ್ತದೆ, ಅದು ಏನನ್ನೂ ಹೇಳುವುದಿಲ್ಲ. ಹಿರಿಯ ಇಬ್ಬರ ಕೈಯನ್ನೂ ಎಳೆದು ಕೂಡಿಸಿ ತನ್ನ ಟವೆಲು ಹೊದಿಸಿದ. ಯಾರ ಹೊಲಕ್ಕೆ ಎಷ್ಟು ದಿನ ಎಂದು ಬೆರಳುಗಳು ಮಾತಾಡಿದವು. ಅಪ್ಪ ಗಿಡ ನೋಡುತ್ತಿದ್ದ, ಕಾಕಾ ಮೋಡ ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಹಿರಿಯ ಟವೆಲು ತೆಗೆದ. ಲೆಕ್ಕ ಮುಗಿದಿತ್ತು, ಕೈಗಳು ಮಾತ್ರ ಬಿಟ್ಟಿರಲಿಲ್ಲ.

‘ಹೊಡಿಯಾಕ ನಾ ಅದೇನಿ’ ಎಂದ ಕಾಕಾ, ಈ ಸಲ ನೇರವಾಗಿ ಅಪ್ಪನಿಗೆ. ‘ಇವನ್ನ ಸಾಲಿ ಬಿಡಸಬ್ಯಾಡ. ಊರಿಗಿ ಬಂದ್ರ ದಿನಾ ಕಲ್ಲು ಹತ್ತತಾನ.’

ಕಾರ್ಯದರ್ಶಿಗೆ ಚಡಪಡಿಕೆ. ‘ಹಿರಿಯರ, ಕರ್ನಾಟಕದ್ದೇನು ಮಾಡೋಣ್ರಿ?’ ಎಂದ.

‘ಅದೂ ಆಗ್ತೈತಿ ತಗೊ. ಎತ್ತು ಕೂಡಿದುವಲ್ಲ’ ಎಂದ ಹಿರಿಯ.

ಕಾರ್ಯದರ್ಶಿ ಬಿಡಲಿಲ್ಲ. ಠರಾವು ಓದಿ, ಒಪ್ಪಿಗೆ ಇರುವವರು ಕೈ ಎತ್ತಬೇಕೆಂದು ಕೇಳಿದ. ಒಂದು ಕೈಯೂ ಮೇಲೇಳಲಿಲ್ಲ. ಸೊಂಟದ ಮೇಲಿದ್ದ ಕೈಗಳೂ ಅಂಗಿಯೊಳಗೆ ಹೋದವು. ಅವನ ಮುಖ ಸಣ್ಣದಾಯಿತು. 

‘ತಮ್ಮಾ, ದನದ ಸಂತ್ಯಾಗ ಬಯಲಿಗೆ ಯಾರು ಕೈ ತೋರಸ್ತಾರ? ಟವೆಲು ಹಾಕು’ ಎಂದ ಹಿರಿಯ.

ಕಾರ್ಯದರ್ಶಿ ತನ್ನ ಕೈಯ ಮೇಲೆ ಟವೆಲು ಹಾಕಿಕೊಂಡು ನಿಂತ. ಒಬ್ಬೊಬ್ಬರಾಗಿ ಬಂದರು. ಟವೆಲಿನ ಕೆಳಗೆ ಅವನ ಕೈ ಹಿಡಿದು, ಒತ್ತಿ, ಏನೂ ಆಗಿಲ್ಲವೆಂಬಂತೆ ಬೇರೆ ಕಡೆ ನೋಡುತ್ತ ಹೋದರು. ಅಖಂಡ ಕರ್ನಾಟಕದ ಠರಾವು ಬಬಲೇಶ್ವರದಲ್ಲಿ ಪಾಸಾದದ್ದು ಹೀಗೆ. ಎಷ್ಟು ಜನ ಒಪ್ಪಿದರು ಎಂದು ನಾನು ಕೇಳಿದರೆ ಅವನು ಕೈ ನೀವಿಕೊಳ್ಳುತ್ತ, ‘ವ್ಯಾಪಾರದ ಗುಟ್ಟು ಹೊರಗ ಹೇಳೂಹಂಗಿಲ್ಲಂತ’ ಎಂದ.

ನನ್ನದು ಇನ್ನೂ ಇತ್ಯರ್ಥವಾಗಿರಲಿಲ್ಲ. ಕಾಕಾ ಹೇಳಿದ್ದಕ್ಕೆ ಅಪ್ಪ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಮೋಟರಿನವನು ಟ್ರಂಕು ಇಳಿಸಿ ಅಪ್ಪನ ಕಾಲ ಹತ್ತಿರ ಇಟ್ಟಿದ್ದ. ಅಪ್ಪ ನನ್ನನ್ನು ಹತ್ತಿರ ಕರೆದು ಕೈ ಹಿಡಿದ. ಹೆಗಲಿನ ಟವೆಲು ಅದರ ಮೇಲೆ ಬಿತ್ತು.

‘ವರ್ಷಕ್ಕ ಎಷ್ಟು ಸಭಾ?’ ಎಂದ, ಗಿಡ ನೋಡುತ್ತ.

ನಾನು ಅವನ ನಾಲ್ಕು ಬೆರಳು ಹಿಡಿದೆ. ಅವನು ನನ್ನ ಕೈ ಕೊಡವಿ ಒಂದೇ ಬೆರಳು ಹಿಡಿದ. ನಾನು ಮೂರಕ್ಕೆ ಇಳಿದೆ. ಅವನು ಒಂದರಲ್ಲೇ ನಿಂತ. ಹೆಡ್‌ಮಾಸ್ತರರು ನನ್ನ ಗಣಿತದ ಬಗ್ಗೆ ಹೇಳಿದ್ದನ್ನು ಹೇಳಿದೆ. ಅವನು ಎರಡು ಬೆರಳು ಹಿಡಿದ. ನಾನು ಮತ್ತೆ ಬಾಯಿ ತೆರೆಯುವ ಮೊದಲೇ ನನ್ನ ಇಡೀ ಅಂಗೈಯನ್ನು ತನ್ನ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿದ. ವ್ಯಾಪಾರದಲ್ಲಿ ಅದಾದ ಮೇಲೆ ಮಾತಿಲ್ಲ. ಬಾಗಿ ಟ್ರಂಕನ್ನು ತಾನೇ ಎತ್ತಿ ಮತ್ತೆ ಮೋಟರಿನ ಮೇಲೆ ಇಟ್ಟ. ಅಷ್ಟು ದೊಡ್ಡ ಕೈಯ ಋಣವನ್ನು ನಾನು ಇಂದಿಗೂ ತೀರಿಸಿಲ್ಲ.

ದೂರದಿಂದ ನಮ್ಮ ಟವೆಲಷ್ಟನ್ನೇ ನೋಡಿದ ದಲಾಲಿಯೊಬ್ಬ ಅವಸರದಿಂದ ಬಂದ. ಸುತ್ತ ನೋಡಿದರೆ ಎತ್ತು ಕಾಣಲಿಲ್ಲ, ನಾನು ಮಾತ್ರ ಕಂಡೆ. ಆದರೂ ರೂಢಿ ಬಿಡಲಿಲ್ಲ.

‘ಏನ್ರಿ ಯಜಮಾನ್ರ, ವ್ಯಾಪಾರ ಆತೇನು? ಹಲ್ಲು ನೋಡಿದ್ರಿಲ್ಲೊ?’ ಎಂದ.

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

‘ಹಲ್ಲಿಂದೇನೂ ತಕರಾರಿಲ್ಲ’ ಎಂದ. ‘ತಕರಾರು ಇದ್ದದ್ದು ನಾಲಗೀದ.’